ಎಲ್ಲಿ ತಗೊಂಡ್ರೋ ಅಲ್ಲೇ ಕೇಳಿ

ಮಗು ಕೊನೆಗೂ ನಿದ್ದೆ ಹೋಯಿತು. ಮುಷ್ಟಿ ಕಟ್ಟಿದ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಮಲಗಿದ್ದ ಅದರ ಮುಖದ ಮೇಲೆ ಕಿಟಕಿಯ ಬೆಳಕು ಹದವಾಗಿ ಬಿದ್ದಿತ್ತು. ಗುಬ್ಬಿ ಮಂಡಿಯೂರಿ, ಉಸಿರು ಬಿಗಿಹಿಡಿದು ಕ್ಯಾಮೆರಾದ ಗುಂಡಿ ಒತ್ತಿದಳು.

ಕಟಕ್.

ಮಗು ಬೆಚ್ಚಿ ಕಣ್ಣು ಬಿಟ್ಟಿತು. ಒಂದು ಕ್ಷಣ ಯೋಚನೆ ಮಾಡುವಂತೆ ಸುಮ್ಮನಿದ್ದು, ಆಮೇಲೆ ಮುಖವೆಲ್ಲ ಕೆಂಪಗೆ ಮಾಡಿಕೊಂಡು ಕಿರುಚಿತು. ಆ ಸದ್ದಿಗೆ ಪಕ್ಕದ ತೊಟ್ಟಿಲಿನದೂ ಎದ್ದಿತು, ಅದರ ಪಕ್ಕದ್ದೂ ಎದ್ದಿತು. ನೋಡನೋಡುತ್ತಿದ್ದಂತೆ ಹೆರಿಗೆ ಆಸ್ಪತ್ರೆಯ ಆ ಉದ್ದನೆಯ ಕೋಣೆ ಸಂತೆಯಾಗಿಹೋಯಿತು.

"ಏನಮ್ಮ ಇದು, ಕ್ಯಾಮೆರಾನೋ ಬಾಗಿಲ ಚಿಲಕಾನೋ?" ಎನ್ನುತ್ತಾ ಹಿರಿಯ ನರ್ಸು ಬಂದಳು. ಒಂದು ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದರ ಹೊಟ್ಟೆ ತಟ್ಟುತ್ತಾ, ಗುಬ್ಬಿಯನ್ನು ಕಿಟಕಿಯ ಬಳಿಗೆ ಕರೆದಳು. "ನಿಮ್ಮ ಫೋಟೋ ಅಂದ್ರೆ ತಾಯಂದಿರಿಗೆ ಇಷ್ಟ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಈಗ ಸದ್ದೇ ಮಾಡದ ಕ್ಯಾಮೆರಾ ಬಂದಿದೆಯಂತಲ್ಲ, ಅಂಥದ್ದು ತಗೊಂಡು ಬನ್ನಿ. ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಗುಬ್ಬಿ ತಲೆಯಾಡಿಸಿದಳು. ಚಿಕ್ಕಂದಿನಲ್ಲಿ ಕಾಳು ಹೆಕ್ಕಿದ ಹಾಗೆ ಊಟ ಮಾಡುತ್ತಿದ್ದಳೆಂದು ಬಂದ ಆ ಹೆಸರು ಮೂವತ್ತು ದಾಟಿದರೂ ಅವಳನ್ನು ಬಿಟ್ಟಿರಲಿಲ್ಲ. ಹುಟ್ಟಿದ ಮಕ್ಕಳ ಫೋಟೋ ತೆಗೆಯುವುದೇ ಅವಳ ಕಸುಬು. ಈ ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಅವಳ ಅರ್ಧ ಸಂಪಾದನೆಯೂ ಅದರ ಜೊತೆಗೇ ಮುಚ್ಚಿದಂತೆ.

ಸದ್ದಿಲ್ಲದ ಕ್ಯಾಮೆರಾ ಎಲ್ಲಿ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಎಲ್ಲಿ ಸಿಗುವುದಿಲ್ಲವೆಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ಅಭ್ಯಾಸದಂತೆ ಭಾವನ ಅಂಗಡಿಗೇ ನಡೆಯಿತು.

ಅಕ್ಕನ ಗಂಡನ ಕ್ಯಾಮೆರಾ ಅಂಗಡಿ ಊರಿನ ಮುಖ್ಯ ಬೀದಿಯಲ್ಲಿ, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಇತ್ತು. ಓದು ಮುಗಿಸಿ ಸುಮ್ಮನೆ ಕೂತಿದ್ದ ನಾದಿನಿಯ ಕೈಗೆ ಮೊದಲ ಕ್ಯಾಮೆರಾ ಇಟ್ಟವನು ಆ ಭಾವನೇ. ಬೆಳಕು ನೋಡುವುದನ್ನು ಕಲಿಸಿದವನೂ ಅವನೇ. ಅಂದಿನಿಂದ ಬ್ಯಾಟರಿಯಿಂದ ಹಿಡಿದು ಚೀಲದ ಪಟ್ಟಿಯವರೆಗೆ ಅವಳು ಎಲ್ಲವನ್ನೂ ಕೊಂಡದ್ದು ಅಲ್ಲೇ. ಬೇರೆಡೆ ಕೊಳ್ಳುವ ಯೋಚನೆ ಬಂದರೂ ಉಂಡ ಮನೆಗೆ ಎರಡು ಬಗೆದಂತೆ ಅನಿಸುತ್ತಿತ್ತು.

ಅವಳು ಹೋದಾಗ ಗಾಜಿನ ಕಪಾಟಿನ ಮುಂದೆ ಮೀಸೆ ನಿಂತಿದ್ದ. ಮದುವೆ ಫೋಟೋ ತೆಗೆಯುವ ಅವನನ್ನು ಊರೆಲ್ಲ ಮೀಸೆ ಎಂದೇ ಕರೆಯುತ್ತಿತ್ತು. ಅವನ ಕೈಯಲ್ಲಿ ಒಂದು ಹೊಸ ಲೆನ್ಸು. ಅದರ ಫೋಕಸ್ ಬಳೆ ತಿರುಗುತ್ತಿರಲಿಲ್ಲ.

ಭಾವ ಅದನ್ನು ಮುಟ್ಟಲಿಲ್ಲ. "ಇದು ನನ್ನಲ್ಲಿ ತಗೊಂಡಿದ್ದಲ್ಲವಲ್ಲ."

"ಅಲ್ಲ ಅಣ್ಣ... ನಿಮ್ಮ ಹತ್ರ ಇರಲಿಲ್ಲ ಅಂತ ಸಿಟಿ ಅಂಗಡೀಲಿ..."

"ಎಲ್ಲಿ ತಗೊಂಡ್ರೋ ಅಲ್ಲೇ ಕೇಳಿ."

ಇಷ್ಟು ವರ್ಷ 'ಏನೋ, ಬಾರೋ' ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ ಬಹುವಚನಕ್ಕೆ ಹೋದದ್ದು ಮೀಸೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಗುಬ್ಬಿಯ ಮುಖವನ್ನೂ ನೋಡದೆ ಇಳಿದು ಹೋದ. ಆ ಮಾತು ಅಂಗಡಿಯ ಕಾಯಿದೆಯಾಗಿ ಬಹಳ ವರ್ಷವಾಗಿತ್ತು. ಹೊರಗೆ ಕೊಂಡವರಿಗೆ ಸಿಟ್ಟಿನಲ್ಲಿ ಹೇಳಲು ಶುರುಮಾಡಿದ್ದು, ಈಗ ಭಾವನ ಬಾಯಲ್ಲಿ ನಮಸ್ಕಾರದಷ್ಟು ಸಲೀಸಾಗಿ ಬರುತ್ತಿತ್ತು.

ಗುಬ್ಬಿ ಆಸ್ಪತ್ರೆಯ ಕಥೆ ಹೇಳಿದಳು. ಭಾವ ನಕ್ಕ.

"ಒಳಗೆ ಕಟಕ್ ಅನ್ನೋ ಕನ್ನಡಿ ಇರಲ್ವಲ್ಲ, ಅಂಥದ್ದಾ? ಕನ್ನಡಿ ತೆಗೆದ ಮೇಲೆ ಅದು ಕ್ಯಾಮೆರಾ ಹೇಗಾಗುತ್ತೆ? ಇನ್ನೊಂದು ವರ್ಷ ತಡಿ, ಆ ಹುಚ್ಚು ಇಳಿಯುತ್ತೆ."

"ಹೋದ ವರ್ಷಾನೂ ಇದೇ ಹೇಳಿದ್ರಿ ಭಾವ. ಒಂದು ತರಿಸಿಕೊಡೋಕೆ ಆಗಲ್ವಾ?"

"ಕಂಪನಿಯವರು ಒಂದು ಕಳಿಸಲ್ಲ ಅಂತಾರೆ. ಐದು ತಗೋಬೇಕಂತೆ. ಉಳಿದ ನಾಲ್ಕನ್ನ ತಲೆ ಮೇಲೆ ಇಟ್ಕೊಂಡು ಕುಣೀಲಾ?" ಸೊಂಟದ ಬೀಗದ ಕೈ ತೆಗೆದು ಕಪಾಟು ತೆರೆದ. ದಿನಾ ಧೂಳು ಒರೆಸಿ ಒರೆಸಿ ಮಿರಮಿರ ಮಿಂಚುತ್ತಿದ್ದ ಹಳೆಯ ನಮೂನೆಯದೊಂದನ್ನು ಅವಳ ಮುಂದಿಟ್ಟ. "ಇದನ್ನ ಒಯ್ಯಿ. ಸದ್ದು ಜಾಸ್ತಿ ಅನಿಸಿದ್ರೆ ಮೇಲೊಂದು ಟವೆಲ್ ಸುತ್ತು."

ಅವನು ತಮಾಷೆ ಮಾಡುತ್ತಿರಲಿಲ್ಲ. ಗುಬ್ಬಿಗೆ ನಗು ಬರಲಿಲ್ಲ.

ಆ ಸಂಜೆ ಅಕ್ಕನ ಮನೆಯ ಅಡುಗೆಮನೆಯಲ್ಲಿ ಕೂತು ಅವಳು ಎಲ್ಲವನ್ನೂ, ಸಿಟಿಗೆ ಹೋಗಿ ಕೊಳ್ಳುವ ತೀರ್ಮಾನವನ್ನೂ ಹೇಳಿಬಿಟ್ಟಳು. ಬಟಾಣಿ ಬಿಡಿಸುತ್ತಿದ್ದ ಅಕ್ಕನ ಬೆರಳು ನಿಂತಿತು.

"ಊರಿನವರು ಹೊರಗೆ ಹೋದ್ರೆ ವ್ಯಾಪಾರ ಹೋಯ್ತು ಅನ್ಕೋಬಹುದು ಕಣೇ. ಮನೆಯವರೇ ಹೋದ್ರೆ ಏನು ಅನ್ಕೊಳ್ಳೋದು?"

"ಹೇಳದೆ ಕೇಳದೆ ತಗೊಂಡು ಬಂದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಕ್ಕ. ಆದ್ರೆ ಭಾವ ಎದುರಿಗೆ ಬಂದಾಗೆಲ್ಲ ಚೀಲ ಬೆನ್ನ ಹಿಂದೆ ಬಚ್ಚಿಟ್ಕೊಂಡು ಓಡಾಡೋಕೆ ನನ್ನ ಕೈಲಾಗಲ್ಲ."

"ಹಾಗಿದ್ರೆ ನೀನೇ ಹೇಳು. ನಾನಂತೂ ಹೇಳಲ್ಲ."

ಹೇಳುವ ಅಗತ್ಯವೇ ಬೀಳಲಿಲ್ಲ. ನೀರು ಕುಡಿಯಲು ಬಂದಿದ್ದ ಭಾವ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ಲೋಟ ತುಂಬಿಸಿಕೊಂಡು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಬೋರಲಿಟ್ಟ.

"ಯಾವ ಬಸ್ಸಿಗೆ ಹೋಗ್ತೀಯ?"

"ನಾಳೆ... ಬೆಳಿಗ್ಗೆ ಮೊದಲನೇದಕ್ಕೆ."

"ಹೂಂ" ಎಂದು ಹೊರಟುಹೋದ. ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು. ಬಟಾಣಿ ಅರ್ಧದಲ್ಲೇ ಉಳಿಯಿತು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಭಾವ ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ಮದುವೆ ಮುಂಜಿಗೆ ಮಾತ್ರ ಹೊರಬರುವ ಬೂಟು. ಬಸ್ಸು ಬಂತು. "ಕಿಟಕಿ ಪಕ್ಕ ನೀನು ಕೂತ್ಕೋ" ಎಂದ. ಊರು ಹಿಂದೆ ಸರಿದು, ಇಟ್ಟಿಗೆ ಗೂಡುಗಳೂ ದಾಟಿದ ಮೇಲೆ ಮುಂದಿನ ಸೀಟಿನ ಬೆನ್ನು ನೋಡುತ್ತಲೇ ಕೇಳಿದ:

"ಏನೇ, ತಡೆಯೋಕೆ ಬಂದಿದೀನಿ ಅನ್ಕೊಂಡ್ಯಾ?"

"ಹೂಂ ಭಾವ."

"ಅಲ್ಲ. ನನ್ನ ಗಿರಾಕಿಗಳೆಲ್ಲ ಎಲ್ಲಿಗೆ ಓಡಿ ಹೋಗ್ತಿದ್ದಾರೆ ಅಂತ ನೋಡಬೇಕು. ಇಷ್ಟು ವರ್ಷದಿಂದ ಬೈತಾನೇ ಇದೀನಿ, ಒಂದು ಸಲಾನೂ ಮುಖ ನೋಡಿಲ್ಲ. ಬೈಯೋದಕ್ಕಾದ್ರೂ ಗುರುತು ಬೇಡ್ವಾ?"

ಅದು ಮೂರು ಮಹಡಿಯ ಅಂಗಡಿ. ಗಾಜಿನ ಬಾಗಿಲು ತಾನಾಗಿಯೇ ಸರಿದಾಗ ಭಾವ ಒಂದು ಹೆಜ್ಜೆ ಹಿಂದಿಟ್ಟ. ಒಳಗೆ ತಣ್ಣನೆಯ ಗಾಳಿ. ಉದ್ದುದ್ದ ಮೇಜುಗಳ ಮೇಲೆ ಕ್ಯಾಮೆರಾಗಳನ್ನು ಸಾಲಾಗಿ ಹಾಗೇ ಇಟ್ಟಿದ್ದರು. ಜನ ಬಂದು ಎತ್ತಿಕೊಳ್ಳುತ್ತಿದ್ದರು, ಕಣ್ಣಿಗಿಟ್ಟುಕೊಳ್ಳುತ್ತಿದ್ದರು, ಮತ್ತೆ ಇಡುತ್ತಿದ್ದರು. ಒಬ್ಬಳು ಹೆಂಗಸು ಕಂಕುಳಲ್ಲಿ ಮಗು ಇಟ್ಟುಕೊಂಡೇ ಒಂದನ್ನು ತಿರುವಿ ಮುರುವಿ ನೋಡುತ್ತಿದ್ದಳು.

"ಬೀಗ ಇಲ್ಲ" ಎಂದ ಭಾವ ಮೆಲ್ಲಗೆ. ಅವನ ಕೈ ತಾನಾಗಿಯೇ ಸೊಂಟದ ಬೀಗದ ಕೈಯ ಮೇಲೆ ಹೋಗಿತ್ತು.

ಮಾರುವ ಹುಡುಗಿ ನಗುತ್ತಾ ಬಂದಳು. ಗುಬ್ಬಿಗೆ ಬೇಕಾದದ್ದನ್ನು ಕೇಳಿ ತಿಳಿದುಕೊಂಡು ಎರಡು ಕ್ಯಾಮೆರಾ ತೋರಿಸಿದಳು. ಗುಬ್ಬಿ ಒಂದನ್ನು ನೋಡುತ್ತಿರುವಾಗ ಇನ್ನೊಂದನ್ನು ಭಾವನ ಕೈಗಿಟ್ಟು ಕೇಳಿದಳು:

"ನೀವು ಏನು ಫೋಟೋ ತೆಗೀತೀರಿ ಸರ್?"

"ಮೊದಲು ತೆಗೀತಿದ್ದೆ. ಹಕ್ಕಿ, ಹೊಳೆ, ಅದೂ ಇದೂ... ಈಗ ಅಂಗಡಿ."

"ಅಂಗಡಿ ಫೋಟೋನಾ ಸರ್?"

"ಅಲ್ಲಮ್ಮ, ಅಂಗಡಿ ಇಟ್ಟಿದೀನಿ." ತಪ್ಪಿಸಿಕೊಳ್ಳಲೆಂಬಂತೆ ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡು ಗುಂಡಿ ಒತ್ತಿದ. ಕಾದ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದ. "ಕೆಟ್ಟಿದೆಯಾ?"

"ಇಲ್ಲ ಸರ್. ತೆಗೀತು."

"ತೆಗೀತಾ?"

"ಎರಡು ತೆಗೆದಿದೀರಿ, ನೋಡಿ."

ಪುಟ್ಟ ಪರದೆಯ ಮೇಲೆ ಗುಬ್ಬಿ ಇದ್ದಳು. ತಲೆ ಬಗ್ಗಿಸಿ ಕೈಯಲ್ಲಿನ ಕ್ಯಾಮೆರಾ ನೋಡುತ್ತಿದ್ದಳು, ಕಿವಿಯ ಹಿಂದಿನ ಕೂದಲಿನ ಎಳೆಗಳು ಬಿಡಿಬಿಡಿಯಾಗಿ ಮೂಡಿದ್ದವು. ತೆಗೆಸಿಕೊಂಡದ್ದು ಅವಳಿಗೇ ಗೊತ್ತಾಗಿರಲಿಲ್ಲ. ಭಾವ ಅದನ್ನೇ ನೋಡುತ್ತಾ ನಿಂತ. ಆಮೇಲೆ ಛಾವಣಿಯ ದೀಪದ ಫೋಟೋ ತೆಗೆದ, ಮೆಟ್ಟಿಲು ತೆಗೆದ, ಮಗು ಎತ್ತಿಕೊಂಡ ಹೆಂಗಸನ್ನು ಕೇಳಿ ಮಗುವಿನ ಪಾದ ತೆಗೆದ. ಅವನು ಕ್ಯಾಮೆರಾ ಹಿಡಿದು ಹೀಗೆ ಮೊಣಕಾಲು ಬಾಗಿಸಿದ್ದನ್ನು ಗುಬ್ಬಿ ನೋಡಿ ಎಷ್ಟು ವರ್ಷವಾಗಿತ್ತೋ. ಅಂಗಡಿಗೆ ಬೀಗ ಹೆಚ್ಚಾದ ಹಾಗೆಲ್ಲ ಆ ಮನುಷ್ಯ ಒಳಗೆಲ್ಲೋ ಸಿಕ್ಕಿಕೊಂಡಿದ್ದ.

ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸುತ್ತಿದ್ದವನು ತಟಕ್ಕನೆ ನಿಂತ. ಅದನ್ನು ಕೆಳಗಿಳಿಸಿ, ಮೂರು ಕಾಲಿನ ಸ್ಟ್ಯಾಂಡುಗಳ ಸಾಲಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಸ್ಟ್ಯಾಂಡುಗಳ ಹಿಂದೆ ಯಾರೋ ಬಗ್ಗಿ ಕೂತಿದ್ದರು. ಎಷ್ಟು ಬಗ್ಗಿದರೇನು, ಮೀಸೆ ಎರಡೂ ಕಡೆಗೆ ಚಾಚಿಕೊಂಡಿತ್ತು.

ಗುಬ್ಬಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಆದರೆ ಭಾವನ ಮುಖ ನೋಡಿ ನುಂಗಿಕೊಂಡಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಬಂದು ಕೆನ್ನೆ ಮೇಲೆ ಮಸಿಯಿದೆ ಎಂದು ತೋರಿಸಿದಂತೆ ಅವನು ಪೆಚ್ಚಾಗಿದ್ದ.

"ಲೋ, ಮೀಸೆ" ಎಂದ. "ಬಾರೋ ಈಚೆ. ಹುಲಿ ಕಂಡ ಹಾಗೆ ಅಡಗಿಕೊಂಡ್ಯಲ್ಲೋ."

ಮೀಸೆ ಎದ್ದು ನಿಂತ. ಬಟ್ಟೆಯಲ್ಲಿ ಸುತ್ತಿದ ಲೆನ್ಸು ಎದೆಗೆ ಒತ್ತಿಕೊಂಡಿದ್ದ. "ನೀವೇ ಅಲ್ವಾ ಅಣ್ಣ ಇಲ್ಲಿಗೆ ಕಳಿಸಿದ್ದು" ಎಂದ. "ಇಲ್ಲಿ ಕೇಳಿದ್ರೆ ಕಂಪನಿಗೆ ಕಳಿಸ್ಬೇಕು, ತಿಂಗಳಾಗುತ್ತೆ ಅಂತಾರೆ. ಭಾನುವಾರ ಮದುವೆ ಒಪ್ಕೊಂಡಿದೀನಿ. ಏನ್ಮಾಡ್ಲಿ?"

ಭಾವ ಕೈ ಚಾಚಿದ. ಮೀಸೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಲೆನ್ಸು ಕೈಗೆ ಬಂದ ಮೇಲೆ ಭಾವ ಬಳೆಯನ್ನು ಮೆಲ್ಲಗೆ ಒತ್ತಿ ನೋಡಿದ.

"ಸಂಜೆ ಅಂಗಡಿಗೆ ತಗೊಂಡು ಬಾ. ಬಿಚ್ಚಿ ನೋಡೋಣ. ಆಗುತ್ತೆ ಅಂತ ಮಾತು ಕೊಡಲ್ಲ."

"ಇಲ್ಲಿ ತಗೊಂಡಿದ್ದು ಅಣ್ಣ ಇದು..."

"ಎಲ್ಲಿ ತಗೊಂಡ್ರೆ ಏನೋ, ಕೆಟ್ಟಿರೋದು ನಮ್ಮೂರಲ್ಲಿ ತಾನೇ."

ಗುಬ್ಬಿ ತನ್ನ ಕ್ಯಾಮೆರಾ ಕೊಂಡಳು. ಡಬ್ಬಿಯನ್ನು ಭಾವ ತಾನೇ ಇಸಿದುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಕೊನೆಯ ಸಾಲು ಸಿಕ್ಕಿತು, ಮೂವರೂ ಒತ್ತಿಕೊಂಡು ಕೂತರು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಮೂವರೂ ಒಟ್ಟಿಗೆ ಮೇಲೆ ಹಾರಿದರೂ, ಭಾವನ ತೊಡೆಯ ಮೇಲಿನ ಡಬ್ಬಿ ಮಾತ್ರ ಬಾಣಂತಿ ಮಡಿಲಿನ ಕೂಸಿನ ಹಾಗೆ ಅಲುಗದೆ ಕೂತಿತ್ತು. ಮೀಸೆ ಯಾವುದೋ ಮದುವೆಯಲ್ಲಿ ಗಂಡಿನ ಬದಲು ಗಂಡಿನ ಅಣ್ಣನ ಫೋಟೋಗಳನ್ನೇ ತೆಗೆದುಬಂದ ಕಥೆ ಹೇಳಿದ. ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಲೆನ್ಸಿನ ಬಳೆ ಅಂದೇ ತಿರುಗಲಿಲ್ಲ. ಎರಡು ಸಂಜೆ ಹಿಡಿಯಿತು, ನಡುವೆ ಒಂದು ಸಣ್ಣ ತಿರುಪು ಮೇಜಿನಡಿ ಬಿದ್ದು ಅಕ್ಕನೂ ಸೇರಿ ಎಲ್ಲರೂ ನೆಲ ಸವರಬೇಕಾಯಿತು. ಭಾನುವಾರದ ಮದುವೆಗೆ ಅದು ಹೊರಟಿತು. ಗುಬ್ಬಿಯ ಕೆಲಸವೂ ಉಳಿಯಿತು. ಹಿರಿಯ ನರ್ಸು ಅವಳ ಬೆನ್ನ ಹಿಂದೆ ನಿಂತು, ಇಪ್ಪತ್ತು ಫೋಟೋ ಆದಮೇಲೂ "ಯಾವಾಗ ಶುರು ಮಾಡ್ತೀರಿ?" ಎಂದು ಪಿಸುಗುಟ್ಟಿದಳು.

ಭಾವ ಯಾರ ಬಳಿಯೂ ತಪ್ಪಾಯಿತು ಎನ್ನಲಿಲ್ಲ. ಅದು ಅವನ ಜಾಯಮಾನವಲ್ಲ. ಆದರೆ ಹೊರಗೆ ಕೊಂಡ ಕ್ಯಾಮೆರಾವನ್ನು ಚೀಲದಲ್ಲೇ ಅಡಗಿಸಿಕೊಂಡು ಬಾಗಿಲಲ್ಲಿ ಅನುಮಾನಿಸುತ್ತಾ ನಿಂತವರನ್ನು "ತೆಗೀರಿ ಹೊರಗೆ, ಕದ್ದಿದ್ದಲ್ಲವಲ್ಲ" ಎಂದು ಒಳಗೆ ಕರೆಯತೊಡಗಿದ. ಬಂದವರು ಕೆಲವರು ಬ್ಯಾಟರಿ ಕೊಂಡರು, ಕೆಲವರು ಚೀಲ ಕೊಂಡರು, ಕೆಲವರು ಬರೀ ಕಾಫಿ ಕುಡಿದು ಹೋದರು. ಒಂದಿನ ಮೀಸೆ ತನಗೂ ತನ್ನಂಥ ಮೂವರಿಗೂ ಸೇರಿ ಸದ್ದಿಲ್ಲದ ಕ್ಯಾಮೆರಾ ಬೇಕೆಂದು ಬಂದು ಹೇಳಿದ. ಭಾವ ಐದನ್ನೂ ತರಿಸಿ, ಉಳಿದ ಒಂದನ್ನು ಬಾಡಿಗೆಗೆ ಇಟ್ಟ. "ಲಾಭ ಎಲ್ಲಾ ಕಾಫಿಗೇ ಹೋಗುತ್ತೆ" ಎಂದು ಅಕ್ಕ ಗೊಣಗಿದಳು. ಆದರೆ ಕಾಫಿ ಪಾತ್ರೆಯನ್ನು ದೊಡ್ಡದು ಮಾಡಿದವಳೂ ಅವಳೇ.

ಚಳಿ ಹಿಡಿಯತೊಡಗಿದ್ದ ಒಂದು ಬೆಳಿಗ್ಗೆ ಗುಬ್ಬಿ ಅಂಗಡಿಗೆ ಹೋದಾಗ ಅಲ್ಲಿ ಅಕ್ಕ ಒಬ್ಬಳೇ ಇದ್ದಳು. "ಹಿತ್ತಲಲ್ಲಿದ್ದಾರೆ, ಹೋಗು. ಸದ್ದು ಮಾಡಬೇಡ, ಬೈಸ್ಕೋತೀಯ" ಎಂದಳು.

ಹಿತ್ತಲಿನ ಗೋಡೆಯ ಪಕ್ಕ ನಾಲ್ಕೈದು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಔಷಧಿ ಅಂಗಡಿಯವನಿದ್ದ, ಗುರುತಿಲ್ಲದ ಇಬ್ಬರು ಹೆಂಗಸರಿದ್ದರು. ಎಲ್ಲರ ನಡುವೆ ಭಾವ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ನೆಲದ ಮೇಲೆ ಬೋರಲು ಮಲಗಿದ್ದ. ಇಸ್ತ್ರಿ ಶರ್ಟಿನ ಮೊಣಕೈಗಳು ಕೆಸರಾಗಿದ್ದವು. ಎದುರಿಗೆ ಒಂದು ನಲ್ಲಿ, ಅದರ ಬಾಯಲ್ಲಿ ನೀರಿನ ಹನಿಯೊಂದು ಇನ್ನೇನು ಬೀಳುವಂತೆ ದಪ್ಪವಾಗುತ್ತಿತ್ತು. ಎಳೆ ಬಿಸಿಲು ಅದರೊಳಗೆ ಸೇರಿಕೊಂಡಿತ್ತು.

ಗುಬ್ಬಿಯ ನೆರಳು ಬಾಗಿಲಿನಿಂದ ನಲ್ಲಿಯ ಬುಡದವರೆಗೂ ಚಾಚಿತ್ತು. ಅವಳು ಚಪ್ಪಲಿ ಕಳಚಿ, ಮೆಲ್ಲನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.