ಆಕಾಶಕ್ಕೆ ಬರೆದ ಬೋರ್ಡು

“ಮೇಲಿಂದ ಬಾಂಬು ಹಾಕೋನಿಗೆ ಓದೋಕಾದ್ರೂ ಬರುತ್ತಾ?”

ಶಾಲೆಯ ತಾರಸಿಯ ಮೇಲೆ ಮಂಡಿಯೂರಿ ಕೂತಿದ್ದ ಪೇಂಟರಜ್ಜ ಇದನ್ನು ಯಾರನ್ನೂ ಕೇಳಿರಲಿಲ್ಲ. ಬಾಯಿಗೆ ಬಂದದ್ದು ಗಾಳಿಗೆ ಹೋಗಿತ್ತು, ಅಷ್ಟೇ. ಆದರೆ ಸುಣ್ಣದ ಪುಡಿ ಹಚ್ಚಿದ ದಾರದ ಆಚೆ ತುದಿ ಹಿಡಿದು ನಿಂತಿದ್ದ ಮೊಮ್ಮಗಳು ಗಾಳಿಗೂ ಉತ್ತರ ಕೊಡುವವಳು. ಅದಕ್ಕೇ ಮನೆಯಲ್ಲಿ ಅವಳಿಗೆ ಬೆಂಕಿಕಡ್ಡಿ ಎಂದು ಹೆಸರು.

“ಬರದಿದ್ರೆ ನಮ್ಮ ಟೀಚರ್ ಹತ್ರ ಕಳ್ಸು ತಾತ. ಬೆಂಚಿನ ಮೇಲೆ ನಿಲ್ಸಿ ಕಲಿಸ್ತಾರೆ.”

ಅಜ್ಜ ನಕ್ಕು ದಾರ ಎಳೆದು ಬಿಟ್ಟ. ಫಟ್ ಎಂದು ಗೆರೆ ಬಿತ್ತು. ಸಂಜೆಯ ಹೊತ್ತಿಗೆ ನೀಲಿ ಬಳಿದ ತಾರಸಿಯ ಮೇಲೆ ಆಳೆತ್ತರದ ಎರಡು ಬಿಳಿ ಅಕ್ಷರ: ಶಾಲೆ. ಆಯುಷ್ಯವೆಲ್ಲ ಅಂಗಡಿ, ಲಾರಿ, ದವಾಖಾನೆಗಳ ಬೋರ್ಡು ಬರೆದವನು ಆಕಾಶ ಓದಲೆಂದು ಬರೆದದ್ದು ಅದೇ ಮೊದಲು.

ಬಣ್ಣದ ಡಬ್ಬ ತಂದುಕೊಟ್ಟವನು ಈಚೆ ದಡದ ಸೈನ್ಯದ ಕ್ಯಾಪ್ಟನ್. ಯುದ್ಧ ಹೊಳೆಯ ಆಚೆ ದಡಕ್ಕೆ ಬಂದು ಕೂತಿದ್ದ ದಿನಗಳು. ಶಾಲೆಯ ಅಂಗಳದಲ್ಲಿ ತಾಯಂದಿರನ್ನೆಲ್ಲ ಸೇರಿಸಿ ಅವನೇ ಕಾನೂನು ಓದಿ ಹೇಳಿದ್ದ. ಮಕ್ಕಳು ಓದುವ ಜಾಗದ ಮೇಲೆ ಯಾರೂ ಬಾಂಬು ಹಾಕಬಾರದು, ಅಲ್ಲಿ ಯಾವ ಸೈನ್ಯವೂ ಬಂದು ಕೂರಬಾರದು; ಲೋಕವೆಲ್ಲ ಕೂತು ಒಪ್ಪಿದ ಮಾತು; ಇತ್ತಲಿನವರದೂ ಸಹಿಯಿದೆ, ಅತ್ತಲಿನವರದೂ ಇದೆ. ಓದುತ್ತ ಓದುತ್ತ ಅವನ ಕಣ್ಣು ಒದ್ದೆಯಾಗಿತ್ತು. ಅಜ್ಜ ಕಣ್ಣು ಮುಚ್ಚಿ ಕೇಳಿದ್ದ. ತನ್ನ ತಾಯಿ ಬೆಳಗಾಗೆದ್ದು ಹಾಡಿಕೊಳ್ಳುತ್ತಿದ್ದ ಪದಗಳನ್ನು ಚಿಕ್ಕಂದಿನಲ್ಲಿ ಅವನು ಕೇಳುತ್ತಿದ್ದುದು ಹಾಗೆಯೇ. ಇಷ್ಟು ಚೆಂದದ ಮಾತನ್ನು ಆಡಿದವರು ಮೀರುವುದುಂಟೆ?

ಮೀರಿದರು. ಬಣ್ಣದ ವಾಸನೆ ಹೋಗುವ ಮೊದಲೇ ಕ್ಯಾಪ್ಟನ್‌ನ ಲಾರಿಗಳೇ ಬಂದವು. ಮಕ್ಕಳನ್ನು ಮಾರ್ಕೆಟ್ಟಿನ ಹಿಂದಿನ ತಗಡಿನ ಗೋದಾಮಿಗೆ ಅಟ್ಟಿದರು. ಬೆಂಚುಗಳಿದ್ದ ಜಾಗದಲ್ಲಿ ಶೆಲ್ಲುಗಳ ಪೆಟ್ಟಿಗೆ ಪೇರಿಸಿದರು. ಒಂದನೇ ಕ್ಲಾಸಿನ ಕಿಟಕಿಯಿಂದ ಮೆಷಿನ್‌ಗನ್ ಮೂತಿ ಚಾಚಿತು. ಗೋಡೆಯ ಮೇಲೆ ಬರೆದಿದ್ದ ಮಗ್ಗಿಗೆ ಸಿಗರೇಟು ಒತ್ತಿ ಆರಿಸಿದರು. ಮೇಲೆ ಮಾತ್ರ ಅಜ್ಜನ ಅಕ್ಷರ ಛತ್ರಿ ಬಿಚ್ಚಿದಂತೆ ಹಾಗೇ ಇತ್ತು. ಛತ್ರಿ ಬಿಚ್ಚಿದ್ದು ಮಕ್ಕಳಿಗೆಂದು. ಕೆಳಗೆ ನುಸುಳಿದವರು ಬೇರೆ.

ಗೋದಾಮಿನ ಮೇಲಾದರೂ ಬರೆಯುತ್ತೇನೆಂದು ಅಜ್ಜ ಏಣಿ ಹೊತ್ತುಕೊಂಡು ಹೋದ. ಪಹರೆಯವನು ಏಣಿ ಕಿತ್ತುಕೊಂಡ.

“ಒಂದೂರಲ್ಲಿ ಎರಡು ಶಾಲೆ ಕಂಡ್ರೆ ಯಾವುದು ನಿಜ ಅಂತ ಅವ್ರಿಗೆ ಅನುಮಾನ ಬರಲ್ವಾ? ಕ್ಯಾಪ್ಟನ್ ಬೇಡ ಅಂದಿದಾರೆ. ಹೋಗಜ್ಜ, ಹೋಗು.”

ಅಂದಿನಿಂದ ಬೆಂಕಿಕಡ್ಡಿಯನ್ನು ಪಾಠಕ್ಕೆಂದು ಅಲ್ಲಿಗೆ ಬಿಟ್ಟು ಬರುವಾಗಲೆಲ್ಲ ಅವನ ಕಣ್ಣು ಆ ತಗಡಿಗೆ ಅಂಟುತ್ತಿತ್ತು. ಬರೀ ತಗಡು. ಮೇಲಿನವನಿಗೆ ಅದು ಗೋದಾಮು. ಗೋದಾಮಿನ ಮೇಲೆ ಬಾಂಬು ಹಾಕಿದವನನ್ನು ಯಾರು ಕೇಳುತ್ತಾರೆ?

ಬಿಸಿಲು ಮಳೆಗೆ ಶಾಲೆಯ ಮೇಲಿನ ಬಣ್ಣ ಮಾಸಿತು. ಒಂದು ಬೆಳಿಗ್ಗೆ ಕ್ಯಾಪ್ಟನ್ ಹೇಳಿಕಳಿಸಿದ. ಹೆಡ್‌ಮಾಸ್ಟರ ಕುರ್ಚಿಯಲ್ಲಿ ಅವನು ಟೀ ಕುಡಿಯುತ್ತಿದ್ದ. ಮೇಜಿನ ಮೇಲಿನ ಭೂಗೋಳಕ್ಕೆ ಯಾರೋ ಹೆಲ್ಮೆಟ್ ತೊಡಿಸಿದ್ದರು.

“ಬನ್ನಿ ಅಜ್ಜಾ, ಕೂತ್ಕೊಳ್ಳಿ. ಮೇಲಿಂದು ಮಾಸಿಹೋಗಿದೆ. ಹೊಸ ಬಣ್ಣ ತರಿಸಿದೀನಿ, ಒಂದು ಕೋಟ್ ಹೊಡೆದುಬಿಡಿ.”

“ಇಲ್ಲಿ ಓದೋರು ಯಾರು ಸ್ವಾಮಿ? ನಿಮ್ಮ ಪೆಟ್ಟಿಗೆಗಳು ಎಷ್ಟನೇ ಕ್ಲಾಸಿಗೆ ಬಂದ್ವು?”

ಬಾಗಿಲಲ್ಲಿದ್ದ ಸಿಪಾಯಿ ನಗು ತಡೆಯಲಾರದೆ ಕೆಮ್ಮಿದ. ಕ್ಯಾಪ್ಟನ್ ನಗಲಿಲ್ಲ.

“ನನ್ನ ಹುಡುಗ್ರು ಇಲ್ಲಿ ಮಲಗ್ತಾರೆ ಅಜ್ಜಾ, ಅವರ ಜೀವ ನಾನು ಕಾಯ್ಬೇಕು. ಒಂದು ಮಾತು ಹೇಳ್ಲಾ? ಇದನ್ನ ಬರ್ಕೊಡಿ, ಗೋದಾಮಿನ ಮೇಲೂ ಬರೆಯೋಕೆ ಬಿಡ್ತೀನಿ. ನಿಮ್ಮ ಮೊಮ್ಮಗಳು ಅಲ್ಲೇ ಇದಾಳಲ್ವಾ?”

ಬೇಡಿ ಬೇಡಿ ಸಿಗದಿದ್ದದ್ದು ತಾನಾಗಿ ಎದುರಿಗೆ ಬಂದಿತ್ತು. ಹೂಂ ಅಂದರೆ ಸಾಕು. ತಗಡಿನ ಕೆಳಗೆ ಕೂತ ಮಗುವಿನ ಮುಖ ಕಣ್ಣಿಗೆ ಕಟ್ಟಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

“ಎರಡೂ ಕಡೆ ಬರೆದೆ ಅಂತಿಟ್ಕೊಳ್ಳಿ. ನಾಳೆ ಇಲ್ಲಿಂದ ಶೆಲ್ಲು ಹಾರಿದ್ದು ಆಚೆ ದಡದೋರಿಗೆ ಕಾಣುತ್ತೆ. ಈ ಊರಿನ ಬೋರ್ಡು ಸುಳ್ಳು ಅಂತ ಗೊತ್ತಾಗುತ್ತೆ. ಆಮೇಲೆ ಗೋದಾಮಿನ ಬೋರ್ಡನ್ನ ಯಾವನು ನಂಬ್ತಾನೆ?”

“ಯುದ್ಧದಲ್ಲಿ ಅಷ್ಟೆಲ್ಲಾ ನೋಡೋಕಾಗಲ್ಲ.”

“ಕಾನೂನು ಓದ್ತಾ ಅತ್ತಿದ್ರಲ್ಲ, ಅದೇ ಬಾಯಲ್ಲಿ ಇದನ್ನ ಹೇಳ್ತಿದೀರಾ? ಅವ್ರು ಮಕ್ಕಳ ಮೇಲೆ ಬಾಂಬು ಹಾಕೋರು, ನೀವು ಮಕ್ಕಳ ಹೆಸರು ಹೊದ್ಕೊಂಡು ಮಲಗೋರು. ಇಬ್ರಿಗೂ ಕಾನೂನು ಅಂದ್ರೆ ಕೈ ಒರೆಸೋ ಬಟ್ಟೆ!”

ಸಿಪಾಯಿ ಕೆಮ್ಮುವುದನ್ನು ನಿಲ್ಲಿಸಿದ. ಕ್ಯಾಪ್ಟನ್ ಎದ್ದು ಡಬ್ಬವನ್ನೂ ಕುಂಚವನ್ನೂ ಮೇಜಿನ ಮೇಲೆ ಅಜ್ಜನ ಕಡೆಗೆ ಸರಿಸಿದ. ದನಿ ತಗ್ಗಿಸಿದ.

“ಕೈ ಮುಗೀತೀನಿ ಅಜ್ಜಾ. ಎರಡೇ ಅಕ್ಷರ.”

ಪೇಂಟರಜ್ಜ ಕುಂಚವನ್ನು ಮುಟ್ಟಲಿಲ್ಲ.

“ಪೆಟ್ಟಿಗೆ ತಗೊಂಡು ನೀವು ಹೊರಡಿ, ಮಕ್ಕಳು ವಾಪಸ್ ಬರ್ಲಿ. ಅವತ್ತು ನೀವು ಕರೀದಿದ್ರೂ ಬಂದು ಬರೀತೀನಿ. ಇವತ್ತು ಬರೆಯಲ್ಲ. ಒಂದು ಗೆರೆನೂ ಎಳೆಯಲ್ಲ.”