ನಾಟಿಗೆ ಬಾರದ ದಿನ

ಶ್ರಾವಣ ಹಿಡಿದು ನಾಲ್ಕು ದಿನವಾಗಿತ್ತು. ಡ್ಯಾಮು ತುಂಬಿ, ಕಮಲಾಪುರದ ಕಾಲುವೆಗಳು ದಂಡೆ ಸವರಿಕೊಂಡು ಹರಿಯುತ್ತಿದ್ದವು. ಎತ್ತ ನೋಡಿದರೂ ಕೆಸರುಗದ್ದೆಗಳಲ್ಲಿ ಹೆಂಗಸರ ಬಾಗಿದ ಬೆನ್ನುಗಳು. ಆ ದಿನ ನಾಟಿ ನಡೆದದ್ದು ಕರೆಮ್ಮನ ಒಂದೂವರೆ ಎಕರೆಯಲ್ಲಿ. ಒಂಬತ್ತು ಹೆಂಗಸರ ಸಾಲು, ಎಲ್ಲರೂ ಮುಯ್ಯಿ ಆಳುಗಳು. ಕೂಲಿಯ ಮಾತಿಲ್ಲ. ಇವಳ ಗದ್ದೆಗೆ ಅವಳು ಒಂದು ದಿನ ಬಂದರೆ ಅವಳ ಗದ್ದೆಗೆ ಇವಳು ಒಂದು ದಿನ ಹೋಗಬೇಕು. ಏಳು ಗದ್ದೆ ಮುಗಿದು ಇದು ಎಂಟನೆಯದು. ಇನ್ನು ಉಳಿದದ್ದು ಪಕೀರಮ್ಮನದು ಮಾತ್ರ. ಅವಳ ಸಸಿ ಎಳೆಯದು, ಕಾಲುವೆಯ ನೀರು ಬಿಡುವ ಪಾಳಿ ಬರಲಿಕ್ಕೂ ಎಂಟು ದಿನವಿತ್ತು.

ಪಕೀರಮ್ಮನ ಬಲಗೈ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿ ಊದಿತ್ತು. ಅರಿವೆ ಸುತ್ತಿಕೊಂಡೇ ಸಾಲಿನಲ್ಲಿ ನಿಂತಿದ್ದಳು.

"ಮನಿಗೆ ಹೋಗಕ್ಕ, ಕೈ ಭಾಳ ಬಾತೈತಿ," ಎಂದಳು ಕರೆಮ್ಮ.

"ನಾ ಹೋದ್ರ ನಿನ್ನ ಗದ್ದಿಗೆ ಒಂದಾಳು ಕಮ್ಮಿ. ಆಮ್ಯಾಲ ನನ್ನ ಗದ್ದಿ ದಿನ ನೀನೂ ಸಮುದ್ರದ ದಂಡ್ಯಾಗ ಕುಂತಿರ್ತಿ."

ಸಾಲಿಗೆ ಸಾಲೇ ನಕ್ಕಿತು.

"ಐದು ದಿನಕ್ಕ ಬಂದುಬಿಡ್ತೀವಿ," ಎಂದಳು ಕರೆಮ್ಮ. "ನಿನ್ನ ಗದ್ದ್ಯಾಗ ಮೊದಲ ಸಸಿ ನಾನ ಹಚ್ಚತೀನಿ, ನೋಡು."

ಸಮುದ್ರದ ಮಾತು ತೆಗೆದವನು ಕರೆಮ್ಮನ ಗಂಡ ಮಾರೆಪ್ಪ. ಸಂಡೂರಿನ ಗುಡ್ಡಗಳಿಂದ ಹೊಸಪೇಟೆಯ ರೈಲಿನ ತನಕ ಇಪ್ಪತ್ತೇಳು ವರ್ಷ ಅದಿರಿನ ಲಾರಿ ಓಡಿಸಿದವನು. ಅಲ್ಲಿಂದ ವ್ಯಾಗನ್ನುಗಳು ವಾಸ್ಕೋ ಬಂದರಿಗೆ ಹೋಗುತ್ತವೆ ಎಂದು ಕೇಳಿದ್ದನೇ ಹೊರತು ನೋಡಿರಲಿಲ್ಲ. ಈ ವರ್ಷ ಸ್ಟೇರಿಂಗ್ ಬಿಟ್ಟ ಮೇಲೆ, "ನಾ ಒಯ್ದು ಸುರಿದಿದ್ದು ಎಲ್ಲಿಗೆ ಹೋತು ಅಂತ ಒಮ್ಮಿ ನೋಡಿ ಬರಣೇನು?" ಎಂದು ಕೇಳಿದ್ದ. ಅಪ್ಪಣೆ ಮಾಡಿ ರೂಢಿಯಿದ್ದ ಗಂಡಸು ಹಾಗೆ ಕೇಳಿದ್ದಕ್ಕೇ ಕರೆಮ್ಮ ಹೂಂ ಅಂದಿದ್ದಳು.

ನಾಟಿ ಮುಗಿದ ಮಾರನೆಯ ದಿನ ಬೆಳಗಿನ ರೈಲಿಗೆ ಹೊಸಪೇಟೆ ಬಿಟ್ಟರು. ಧಾರವಾಡ ದಾಟಿ ಘಟ್ಟ ಇಳಿಯುವಾಗ ಡಬ್ಬಿಯ ಜನವೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬಿದ್ದರು. ಗುಡ್ಡದ ನೆತ್ತಿಯಿಂದ ನೀರು ಬೆಳ್ಳಗೆ ನೊರೆಯಾಗಿ ಬೀಳುತ್ತಿತ್ತು.

"ಡ್ಯಾಮಿನ ಗೇಟು ಹೊತ್ತು ಒಯ್ದು ಮುಗಿಲಿನಾಗ ಇಟ್ಟಂಗೈತಿ," ಎಂದ ಮಾರೆಪ್ಪ.

ವಾಸ್ಕೋದಲ್ಲಿ ಸ್ಟೇಷನ್ನಿನ ಹತ್ತಿರವೇ ಲಾಡ್ಜು. ಮರುದಿನ ಅವರಿಗೆ ಯಾವ ಅವಸರವೂ ಇರಲಿಲ್ಲ. ಮಳೆ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಇಲ್ಲಿಯ ಜನ ಮಳೆಗೆ ಓಡುವುದಿಲ್ಲ ಎಂಬುದನ್ನು ಕರೆಮ್ಮ ಗಮನಿಸಿದಳು. ತೆಂಗಿನ ಮರಗಳ ನಡುವೆ ಹೆಂಚಿನ ಮನೆಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಮೀನಿನ ಮಾರ್ಕೆಟ್ಟಿನಲ್ಲಿ ಬುಟ್ಟಿಗಟ್ಟಲೆ ಬಂಗಡೆ, ಈಗಷ್ಟೇ ತೊಳೆದಿಟ್ಟ ಉಕ್ಕಿನ ಹಾಗೆ ಹೊಳೆಯುತ್ತಿತ್ತು. ಅವಳು ಒಂದನ್ನು ಎತ್ತಿ ಕಿವಿರು ಬಿಡಿಸಿ ನೋಡಿದಾಗ ಮಾರುವವಳೇ ಕನ್ನಡದಲ್ಲಿ ಕೇಳಿದಳು: "ಯಾವೂರಾಕಿ ಅಕ್ಕ ನೀ? ಹೊಳಿಮೀನು ನೋಡಿದಂಗ ನೋಡಾಕತ್ತೀಯಲ್ಲ."

"ಕಮಲಾಪುರ. ಹಂಪಿ ಹತ್ರ."

"ನಾ ಬದಾಮಿಯಾಕಿ. ಈ ಊರಾಗ ಸಮುದ್ರ ಒಂದ ನೋಡು ಕನ್ನಡ ಬರಲಾರದ್ದು."

ಸಂಜೆ ದಂಡೆಗೆ ಹೋದರು. ಕರೆಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದಳು. ಹುಟ್ಟಿದಾಗಿನಿಂದ ಕೆಸರಿನಲ್ಲಿ ನಿಂತ ಕಾಲು. ಕೆಸರು ಕಾಲನ್ನು ಹಿಡಿದುಕೊಳ್ಳುತ್ತದೆ; ಇಲ್ಲಿ ಅಲೆ ಹಿಂದೆ ಸರಿದಾಗಲೆಲ್ಲ ಪಾದದ ಕೆಳಗಿನ ನೆಲವೇ ಜಾರಿಕೊಂಡು ಹೋಗುತ್ತಿತ್ತು. ಬಿದ್ದೇನೆಂದು ಗಂಡನ ತೋಳು ಹಿಡಿದಳು. ಬಿಡುವುದು ಮರೆತು ಹಾಗೆಯೇ ನಿಂತಳು. ದೂರದಲ್ಲಿ ಹಡಗುಗಳು, ಮನೆಗಳ ಸಾಲೊಂದು ತೇಲುತ್ತ ಬಂದು ನಿಂತಂತೆ.

"ಎಷ್ಟು ನೀರು ಐತ್ರಿ ಇದು," ಎಂದಳು. "ಒಬ್ಬರಿಗೂ ಪಾಳಿ ಇಲ್ಲ."

ಲಾಡ್ಜಿಗೆ ಮರಳಿದಾಗ ಪಂಪೇಶ್ ಕಾಯುತ್ತಿದ್ದ. ಹಿಂದೆ ಹೊಸಪೇಟೆಯಲ್ಲಿ ಮಾರೆಪ್ಪನ ಲಾರಿಗೆ ಚೀಟಿ ಕೊಡುತ್ತಿದ್ದವನು, ಈಗ ಬಂದರಿನಲ್ಲಿ ಕ್ರೇನ್ ಆಪರೇಟರ್. ತನಗೆ ಗೊತ್ತಿದ್ದ ಮೀನುಗಾರನಿಗೆ ಹೇಳಿಟ್ಟಿದ್ದ. "ನಾಳೆ ಒಂಬತ್ತಕ್ಕ ದೋಣ್ಯಾಗ ಒಂದು ರೌಂಡ್ ಹೊಡಸ್ತಾನ ಮಾರೆಪ್ಪಣ್ಣ. ಹಡಗಿನ ಬುಡಕ್ಕ ಹೋಗಿ ನೋಡಬಹುದು," ಎಂದು ಹೇಳಿ ಹೋದ.

ಅವನು ಅತ್ತ ಹೋಗುತ್ತಲೇ ಪಕೀರಮ್ಮನ ಫೋನು ಬಂತು.

"ಲೇ ಕರೆಮ್ಮ, ಮ್ಯಾಲಿನ ಗದ್ದಿಯವರು ನೀರು ಸಾಕಂದ್ರು. ನನ್ನ ಪಾಳಿ ಮೊದ್ಲ ಬಂತು. ಸಸಿ ಎಳೇದಾದ್ರೂ ನಾಡಿದ್ದ ಹಚ್ಚಬೇಕು. ಬಾ," ಎಂದವಳೇ ಫೋನು ಇಟ್ಟಳು.

ನಾಡಿದ್ದಿಗೆ ಗದ್ದೆಯಲ್ಲಿರಬೇಕೆಂದರೆ ನಾಳೆ ಏಳರ ರೈಲು ಹಿಡಿಯಬೇಕು. ಅದು ತಪ್ಪಿದರೆ ಮುಂದಿನ ರೈಲಿಗೆ ಎರಡು ದಿನ; ಮಳೆಗೆ ಘಟ್ಟದ ಬಸ್ಸುಗಳೂ ನಿಂತಿದ್ದವು. ಮಾತು ಕೇಳಿಸಿಕೊಂಡ ಮಾರೆಪ್ಪ ಒಣಗಲು ಹಾಕಿದ್ದ ಲುಂಗಿ ಮಡಚತೊಡಗಿದ.

"ನಡಿ ಹೋಗಣ. ಮುಯ್ಯಿ ತಪ್ಪಿಸಿದ್ರ ನಿನ್ನ ಗದ್ದಿಗೆ ಮುಂದ ಯಾರೂ ಬರಂಗಿಲ್ಲ. ದೋಣಿ ಇನ್ನೊಮ್ಮಿ ನೋಡಿದ್ರಾತು."

ಇನ್ನೊಮ್ಮೆ ಎಂಬುದು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕರೆಮ್ಮ ಕಿಟಕಿಗೆ ಹೋದಳು. ಹಡಗಿನ ದೀಪಗಳು ಆಗ ತಾನೇ ಹತ್ತುತ್ತಿದ್ದವು. ಕರೆದವರ ಗದ್ದೆಗೆ ಅವಳು ಹೋಗದೆ ಉಳಿದದ್ದೇ ಇಲ್ಲ. ಜ್ವರದಲ್ಲಿ ಹೋಗಿದ್ದಳು, ತಾಯಿ ಸತ್ತ ವಾರದಲ್ಲಿ ಹೋಗಿದ್ದಳು. ಈಗ ಕಾಲು ಏಳಲಿಲ್ಲ. ಗಂಡನ ಆಸೆ ತಪ್ಪುತ್ತದೆಂದು ಅಲ್ಲ. ನಾಳೆ ಆ ಹಡಗಿನ ಬುಡಕ್ಕೆ ಹೋಗಬೇಕೆಂದು ತನಗೇ ಅನಿಸಿತ್ತು.

"ನನಗೂ ನೋಡಬೇಕೈತಿ," ಎಂದು ಗಂಡನಿಗೆ ಹೇಳಿ ಪಕೀರಮ್ಮನಿಗೆ ಫೋನು ಮಾಡಿದಳು.

"ಅಕ್ಕ, ನಾಡಿದ್ದು ನಾ ಬರಂಗಿಲ್ಲ."

"ಯಾಕ, ರೈಲಿಲ್ಲೇನು?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. "ಐತಿ. ನಾಳೆ ಹಡಗು ನೋಡೋದೈತಿ. ಅದಕ್ಕ ಉಳೀತೀನಿ."



"ಬಾತ ಕೈಲೆ ಹಚ್ಚೀನಿ ನಿನ್ನ ಗದ್ದಿ."

"ಗೊತ್ತೈತಕ್ಕ."

ಫೋನು ಕಟ್ಟಾಯಿತು.

ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ದೋಣಿ ಹತ್ತಿರವಾದಂತೆ ಹಡಗು ಬೆಳೆಯುತ್ತ ಹೋಯಿತು. ಕೊನೆಗೆ ತಲೆ ಎಷ್ಟು ಹಿಂದೆ ಬಗ್ಗಿಸಿದರೂ ಅದರ ಅಂಚು ಕಾಣಲಿಲ್ಲ. ತುಕ್ಕಿನ ಗೋಡೆಯೊಂದು ನೀರಿನಿಂದ ಎದ್ದು ನಿಂತಿತ್ತು. ಮೇಲೆ ಅಂಚಿನ ಕಂಬಿಯ ಬಳಿ ನಿಂತಿದ್ದವನೊಬ್ಬ, ಯಾವ ದೇಶದವನೋ, ಕೈ ಬೀಸಿದ. ಕರೆಮ್ಮನೂ ಬೀಸಿದಳು. ಹಡಗು ನಿಲ್ಲುವ ದಕ್ಕೆಯ ಕಟ್ಟೆಯ ಒಂದು ಮೂಲೆಯಿಂದ ಮಳೆಯ ನೀರು ಕೆಂಪಗೆ ಸಮುದ್ರಕ್ಕೆ ಇಳಿಯುತ್ತಿತ್ತು. ಆ ಕೆಂಪನ್ನು ಅವಳು ಇಪ್ಪತ್ತೇಳು ವರ್ಷ ಗಂಡನ ಅಂಗಿಗಳಿಂದ ಒಗೆದಿದ್ದಳು. ಆ ಅದಿರು ಸಂಡೂರಿನದೋ ಬೇರೆಲ್ಲಿಯದೋ, ಅವಳು ಕೇಳಲಿಲ್ಲ. ಮಾರೆಪ್ಪ ಎರಡೂ ಕೈ ಮೊಣಕಾಲ ಮೇಲಿಟ್ಟು ನೋಡುತ್ತ ಕುಳಿತಿದ್ದ. "ನಂದು ಸಣ್ಣ ಲಾರಿ," ಎಂದ. ಅದರಲ್ಲಿ ಕೊರಗೇನೂ ಇರಲಿಲ್ಲ.

ಊರಿಗೆ ಬಂದ ದಿನವೇ ಕರೆಮ್ಮ ಪಕೀರಮ್ಮನ ಗದ್ದೆಗೆ ಹೋದಳು. ನಾಟಿ ಮುಗಿದಿತ್ತು. ಎಂಟು ಜನ ಕತ್ತಲಾಗುವ ತನಕ ಹಚ್ಚಿದ್ದರಂತೆ. ಕೊನೆಯ ಮಡಿಯಲ್ಲಿ ಸಾಲು ಸೊಟ್ಟಗಿತ್ತು.

"ಕಳಿ ತಗ್ಯಾಕ ಎರಡು ದಿನ ಬರ್ತೀನಕ್ಕ," ಎಂದಳು.

"ಕಳಿ ಬ್ಯಾರೆ, ನಾಟಿ ಬ್ಯಾರೆ." ಪಕೀರಮ್ಮ ಬದುವಿನ ಮೇಲೆ ಸಲಿಕೆ ಊರಿ ನಿಂತಳು. "ನಾಟಿ ಮುಯ್ಯಿ ನಾಟ್ಯಾಗ ತೀರಬೇಕು. ಮುಂದಿನ ವರ್ಷ ಎರಡು ದಿನ ಹಚ್ಚು. ಅಲ್ಲಿತನ ನಿನ್ನ ಮ್ಯಾಲ ಇರ್ಲಿ."

"ಇರ್ಲಿ, ಅಕ್ಕ."

ಪಕೀರಮ್ಮ ಎರಡು ಸಲಿಕೆ ಮಣ್ಣು ಎತ್ತಿ ಗದ್ದೆಗೆ ನೀರು ಬರುವ ಬಾಯಿ ಕಟ್ಟಿದಳು. ತಲೆ ಎತ್ತದೆ ಕೇಳಿದಳು: "ಎಷ್ಟುದ್ದ ಇತ್ತು ಆ ಹಡಗು?"

ಕರೆಮ್ಮ ಕಾಲ ಬಳಿಯ ಬದುವಿನಿಂದ ದೂರದ ಬಾಳೆತೋಟದ ಬೇಲಿಯ ತನಕ ಕೈ ಚಾಚಿ ತೋರಿಸಿದಳು.

"ಬರೇ ಸುಳ್ಳು," ಎಂದಳು ಪಕೀರಮ್ಮ. ಆದರೂ ಸಲಿಕೆ ನಿಲ್ಲಿಸಿ, ಬೇಲಿಯ ಕಡೆ ಒಂದು ಗಳಿಗೆ ನೋಡಿದಳು.