ಪೈಪಿನ ಮೊದಲ ನೀರು

ಮಗು ಟಬ್ಬಿನೊಳಗೆ ಕುಣಿಯುತ್ತಿದೆ ಎಂದೇ ಅವನು ಅಂದುಕೊಂಡ. ನಲ್ಲಿ ತಿರುಗಿಸಿ, ಬಗ್ಗಿದ ಸೊಂಟ ನೆಟ್ಟಗೆ ಮಾಡಿ, ಈ ಕಡೆ ತಿರುಗುವಷ್ಟರಲ್ಲಿ ಅವಳು ಒಂದು ಕಾಲು ಎತ್ತಿದ್ದಳು. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದಳು. ಬಾಯಿ ಅಗಲಕ್ಕೆ ತೆರೆದಿತ್ತು. ಸದ್ದು ಮಾತ್ರ ಇನ್ನೂ ಬಂದಿರಲಿಲ್ಲ.

"ಕುಣಿ ಕುಣಿ, ಮಹಾರಾಣಿ!" ಎಂದು ನಕ್ಕ.

ಆಮೇಲೆ ಸದ್ದು ಬಂತು.

ಅಂಥ ಕಿರುಚಾಟವನ್ನು ಅವನು ಕೇಳಿರಲೇ ಇಲ್ಲ. ಹಸಿವಿನದಲ್ಲ, ಹಟದ್ದಲ್ಲ, ಬಿದ್ದು ಪೆಟ್ಟಾದದ್ದೂ ಅಲ್ಲ. ಕುಂಡಗಳ ಸಾಲನ್ನು ಬಳಸಿ ಹೋಗುವಷ್ಟು ವ್ಯವಧಾನ ಎಲ್ಲಿತ್ತು? ಒದ್ದುಕೊಂಡೇ ಓಡಿದ. ಕಂಕುಳಿಗೆ ಕೈ ಹಾಕಿ ಮಗಳನ್ನು ಎತ್ತಿದ. ಕಣಕಾಲಿನಿಂದ ಕೆಳಗೆ ಎರಡೂ ಪಾದ ಕೆಂಪಗಾಗಿದ್ದವು, ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗೆ, ಗೆರೆ ಎಳೆದಂತೆ ಒಂದೇ ಮಟ್ಟಕ್ಕೆ. ಚೇಳೇ? ಜೇನೇ? ಗಾಜಿನ ಚೂರೇ? ಟಬ್ಬಿನೊಳಗೆ ಇಣುಕಿದ. ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

ಒಳಗಿಂದ ಅವನ ತಾಯಿ ಓಡಿ ಬಂದಳು. "ಏನೋ ಮಾಡ್ದೆ ಮಗೂಗೆ?"

"ಏನೂ ಮಾಡಿಲ್ಲಮ್ಮ! ನೀರು ಬಿಟ್ಟೆ, ಅಷ್ಟೇ!"

ಅವನು ನರ್ಸರಿಯವನು. ಸಸಿ ಬೆಳೆಸುವುದು, ಕುಂಡಕ್ಕೆ ಮಣ್ಣು ತುಂಬುವುದು, ಗಿಡ ಮಾರುವುದು ಅವನ ಕೆಲಸ. ಗಿಡಗಳ ಹಿಂದೆ ಎರಡು ಕೋಣೆಯ ಮನೆ. ಹೆಂಡತಿ ಬಸ್ ಕಂಡಕ್ಟರ್, ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಬೇಸಿಗೆ ರಜೆಗೆ ಶಿಶುವಿಹಾರದ ಬಾಗಿಲು ಮುಚ್ಚಿದ್ದರಿಂದ ಎರಡು ತುಂಬದ ಮಗಳು ಇಡೀ ದಿನ ಅಪ್ಪನ ಬಾಲ.

ಅವಳಿಗೆ ಚೆನ್ನಾಗಿ ಬರುತ್ತಿದ್ದ ಮಾತು ಒಂದೇ, 'ಬೇಡ'. ಟೋಪಿ ಬೇಡ, ಚಪ್ಪಲಿ ಬೇಡ, ನಿದ್ದೆ ಬೇಡ, ಅಜ್ಜಿಯ ಮುತ್ತು ಬೇಡ. ಗಿಡ ಕೊಳ್ಳಲು ಬಂದವರು ಅವಳನ್ನು ಬೇಡಮ್ಮ ಎಂದೇ ಕರೆಯುತ್ತಿದ್ದರು. "ಏನಮ್ಮಾ ಬೇಡಮ್ಮ, ಅಪ್ಪ ಬೇಕಾ?" ಎಂದರೆ "ಬೇಡ" ಎಂದು ಹೇಳಿ ಅಪ್ಪನ ಹೆಗಲೇರುತ್ತಿದ್ದಳು. ಅವಳು ಬೇಡ ಅನ್ನದೆ ಇದ್ದದ್ದು ನೀರಿಗೆ ಮಾತ್ರ. ನಲ್ಲಿ ಕಿರ್ ಅಂದರೆ ಸಾಕು, ಎಲ್ಲಿದ್ದರೂ ಬಂದು ಹಾಜರು.

ಅಪ್ಪನೇನೂ ಅಜಾಗರೂಕನಲ್ಲ. ಸಂಜೆ ಪಾರ್ಕಿಗೆ ಕರೆದುಕೊಂಡು ಹೋದರೆ ಜಾರುಬಂಡೆಯ ತಗಡನ್ನು ಮೊದಲು ತಾನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದ. ಗಿಡ ತಲುಪಿಸಲು ಗಾಡಿಯಲ್ಲಿ ಹೋಗುವಾಗ ಅವಳ ತಲೆಯ ಮೇಲೆ ಒದ್ದೆ ಬಟ್ಟೆ ಇರುತ್ತಿತ್ತು. ದ್ರಾಕ್ಷಿಯನ್ನು ಸೀಳದೆ ಬಾಯಿಗೆ ಕೊಡುತ್ತಿರಲಿಲ್ಲ. "ಇವನು ಹೆತ್ತವನೋ, ಹೊತ್ತವನೋ!" ಎಂದು ಅವನ ತಾಯಿ ನಗುತ್ತಿದ್ದಳು. ಎಲ್ಲವನ್ನೂ ಮುಟ್ಟಿ ನೋಡುವ ಮನುಷ್ಯ. ಆದರೆ ತಣ್ಣೀರನ್ನು ಯಾರು ಮುಟ್ಟಿ ನೋಡುತ್ತಾರೆ?

ಆ ಮಧ್ಯಾಹ್ನ ಗೊಬ್ಬರ ಕಲಸುತ್ತಿದ್ದ. ಕೈಗೆ ದಪ್ಪ ರಬ್ಬರ್ ಗವಸು. ಮಗಳು ಬಿಸಿಲಿಗೆ ಸಿಡಿಮಿಡಿ ಮಾಡುತ್ತಿದ್ದಳು. ಪ್ಲಾಸ್ಟಿಕ್ ಟಬ್ಬಿನೊಳಗೆ ಅವಳನ್ನು ನಿಲ್ಲಿಸಿ, ಕಪ್ಪು ಪೈಪಿನ ತುದಿಯನ್ನು ಅವಳ ಕಾಲ ಬಳಿ ಇಟ್ಟು, ಇನ್ನೊಂದು ತುದಿಯಲ್ಲಿದ್ದ ನಲ್ಲಿಯತ್ತ ಹೋಗಿ ತಿರುಗಿಸಿದ. ಮಾಡಿದ್ದು ಅಷ್ಟೇ.

ಇಷ್ಟು ಹೊತ್ತಿಗೆ, ಗುಲಾಬಿ ಕುಂಡ ಆರಿಸುತ್ತಿದ್ದ ನರ್ಸಕ್ಕ ಚೀಲವನ್ನು ನೆಲಕ್ಕೆ ಬಿಸಾಕಿ ಓಡಿ ಬಂದಿದ್ದಳು. ಪಕ್ಕದ ಬೀದಿಯವಳು, ಆರೋಗ್ಯ ಕೇಂದ್ರದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವಳು. ಒಯ್ದ ಗುಲಾಬಿಯನ್ನೆಲ್ಲ ಒಣಗಿಸಿ ಮತ್ತೆ ಬರುತ್ತಿದ್ದ ಗಿರಾಕಿ.

"ಮಗೂನ ನನ್ನ ಕೈಗೆ ಕೊಡು. ಆ ಪೈಪು ತಾ."

"ಅಕ್ಕಾ, ಆ ನೀರೇ... ಬೇಡಕ್ಕಾ!"

"ತಾ ಅಂದೆ." ಹರಿಯುತ್ತಿದ್ದ ನೀರಿಗೆ ಅವಳು ಮೊದಲು ತನ್ನ ಮಣಿಕಟ್ಟು ಹಿಡಿದಳು. ಕ್ಷಣ ಕಾದಳು. "ಈಗ ತಣ್ಣಗಿದೆ." ಕಟ್ಟೆಯ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಒರಗಿಸಿಕೊಂಡು, ಎರಡೂ ಪಾದಗಳ ಮೇಲೆ ಮೆಲ್ಲಗೆ ನೀರು ಬಿಟ್ಟಳು. "ಕಾಲಿನ ಗೆಜ್ಜೆ ಬಿಚ್ಚು. ಬೇಗ. ಊದಿಕೊಂಡರೆ ಆಮೇಲೆ ಬರಲ್ಲ."

ಅವನ ಗವಸಿನ ಬೆರಳಿಗೆ ಗೆಜ್ಜೆಯ ಕೊಂಡಿ ಸಿಗಲಿಲ್ಲ. ಗವಸು ಕಿತ್ತೆಸೆದ. ಕೊಂಡಿ ಸಿಕ್ಕಿತು, ಎರಡೂ ಗೆಜ್ಜೆ ಬಿಚ್ಚಿದ.

ಅಜ್ಜಿ ಒಳಗೆ ಹೋದದ್ದು ಯಾರಿಗೂ ಕಾಣಲಿಲ್ಲ, ಬಂದದ್ದು ಕಂಡಿತು. ಒಂದು ಕೈಯಲ್ಲಿ ಟೂತ್‌ಪೇಸ್ಟು, ಇನ್ನೊಂದು ಕೈಯಲ್ಲಿ ಬೆಣ್ಣೆ.

"ಸರಿ ಆ ಕಡೆ, ಹಚ್ತೀನಿ. ತಂಪಾಗುತ್ತೆ."

"ಎರಡೂ ಬೇಡಮ್ಮ."

"ನನ್ನ ಮೂರು ಮಕ್ಕಳಿಗೂ ಇದನ್ನೇ ಹಚ್ಚಿದ್ದು ಕಣೇ. ಸತ್ತೋದ್ರಾ?"

"ಇಲ್ಲ, ಇಲ್ಲೊಬ್ಬ ನಿಂತಿದ್ದಾನಲ್ಲ" ಎಂದಳು ನರ್ಸಕ್ಕ, ನೀರಿನಿಂದ ಕಣ್ಣು ತೆಗೆಯದೆ. "ಅಮ್ಮಾ, ಒಲೆಯಿಂದ ಇಳಿಸಿದ ಪಾತ್ರೆ ಎಷ್ಟು ಹೊತ್ತು ಬಿಸಿ ಇರುತ್ತೆ? ಸುಟ್ಟ ಚರ್ಮಾನೂ ಹಾಗೇ, ಒಳಗೊಳಗೇ ಬೇಯ್ತಾ ಇರುತ್ತೆ. ಮೇಲೆ ಪೇಸ್ಟೋ ಬೆಣ್ಣೆಯೋ ಮೆತ್ತಿದ್ರೆ ಪಾತ್ರೆಗೆ ಮುಚ್ಚಳ ಹಾಕ್ದಂಗೆ. ಆಮೇಲೆ ಡಾಕ್ಟ್ರು ಅದನ್ನ ಕೆರೆದು ತೆಗೀಬೇಕು, ಈ ಕಾಲಿನ ಮೇಲಿಂದ. ನೋಡಕ್ಕಾಗುತ್ತಾ ನಿಮಗೆ?"

ಅಜ್ಜಿ ಬೆಣ್ಣೆಯನ್ನು ಕಟ್ಟೆಯ ಮೇಲಿಟ್ಟಳು. ಪೇಸ್ಟನ್ನು ಬಿಡಲಿಲ್ಲ.

"ಹೋಗ್ಲಿ, ಐಸಾದ್ರೂ ತರ್ಲಾ?"

"ಐಸೂ ಬೇಡ. ಈ ಚರ್ಮ ಅದನ್ನೂ ತಡೆಯಲ್ಲ. ಇದೇ ನೀರು, ಇಪ್ಪತ್ತು ನಿಮಿಷ. ಅವಳು ಎಷ್ಟೇ ಅತ್ತರೂ ಇಪ್ಪತ್ತು ನಿಮಿಷ. ಮೈಗೆ ಒಂದು ಒಣ ಬಟ್ಟೆ ಹೊದಿಸಿ, ಚಳಿ ಆಗ್ಬಾರ್ದು. ನೀನು ಆಟೋ ಕರಿ."

ಅಜ್ಜಿ ಬಟ್ಟೆ ಹೊದಿಸಿ ಪೈಪಿನ ನೀರಿಗೆ ಬೆರಳಿಟ್ಟು ನೋಡಿದಳು. ಮುಖ ಗಂಟಿಕ್ಕಿತು. "ಇದು ತಣ್ಣೀರು ಕಣೇ. ಮನೇಲಿ ಒಲೆ ಹಚ್ಚೇ ಇಲ್ಲ. ನಲ್ಲಿ ನೀರು ಎಲ್ಲಾದ್ರೂ ಸುಡುತ್ತಾ? ಏನೋ ಹುಳ ಮುಟ್ಟಿದೆ. ತಪ್ಪನ್ನ ನೀರಿನ ಮೇಲೆ ಯಾಕೆ ಹಾಕ್ತೀರಿ?"

ನರ್ಸಕ್ಕ ಸುತ್ತ ನೋಡಿದಳು. ಆಚೆ ಸಸಿಮಡಿಯ ಹತ್ತಿರ ಅಂಥದೇ ಇನ್ನೊಂದು ಪೈಪು ಬೆಳಗಿನಿಂದ ಜಲ್ಲಿಯ ಮೇಲೆ ಬಿಸಿಲು ಕುಡಿಯುತ್ತ ಬಿದ್ದಿತ್ತು.

"ಅಮ್ಮಾ, ಅದರ ನಲ್ಲಿ ಸ್ವಲ್ಪ ತಿರುಗಿಸಿ. ನೀರಿಗೆ ಬೆರಳ ತುದಿ ಮಾತ್ರ ತಾಗಿಸಿ. ಹುಷಾರು."

ಅಜ್ಜಿ ಹೋದಳು, ಸಾಬೀತು ಮಾಡಿಯೇ ಬರುತ್ತೇನೆ ಎನ್ನುವ ನಡಿಗೆಯಲ್ಲಿ. ನಲ್ಲಿ ತಿರುಗಿಸಿ ಪೈಪಿನ ಬಾಯಿಗೆ ಬಗ್ಗಿದಳು. "ಅಯ್ಯೋ!" ಎಂದು ಕೈ ಕಿತ್ತುಕೊಂಡಳು. ಟೂತ್‌ಪೇಸ್ಟು ಜಲ್ಲಿಗೆ ಬಿತ್ತು. ಬೆರಳನ್ನು ಬಾಯಿಗಿಟ್ಟುಕೊಂಡು ಅವಳು ಪೈಪನ್ನು ನೋಡಿದಳು, ಮಗುವನ್ನು ನೋಡಿದಳು, ಮತ್ತೆ ಪೈಪನ್ನು ನೋಡಿದಳು. ನೀರಿನಿಂದ ತೆಳುವಾಗಿ ಹಬೆ ಏಳುತ್ತಿತ್ತು.

ಆಟೋ ಕರೆಯಲು ಗೇಟಿನತ್ತ ಹೊರಟವನು ಅಲ್ಲೇ ನಿಂತುಬಿಟ್ಟ. ಅರ್ಧ ಗಂಟೆಯೂ ಆಗಿರಲಿಲ್ಲ. ಇದೇ ನರ್ಸಕ್ಕನಿಗೆ, ಇದೇ ಕಟ್ಟೆಯ ಬಳಿ ನಿಂತು, ಅವನೇ ಪಾಠ ಹೇಳಿದ್ದ: "ನಿಮ್ಮ ಗುಲಾಬಿ ಯಾಕೆ ಸಾಯ್ತವೆ ಗೊತ್ತಾ ಅಕ್ಕಾ? ಮಧ್ಯಾಹ್ನ ಪೈಪಿನ ಮೊದಲ ನೀರು ಹಾಕ್ತೀರಿ. ಅದು ಪೈಪಿನೊಳಗೇ ನಿಂತು ಕಾದಿರುತ್ತೆ. ನೆಲಕ್ಕೆ ಬಿಟ್ಟು, ಮುಟ್ಟಿ ನೋಡಿ, ಆಮೇಲೆ ಗಿಡಕ್ಕೆ. ಇಲ್ಲಾಂದ್ರೆ ಬೇರು ಬೆಂದುಹೋಗುತ್ತೆ."

ಬೇರು ಬೆಂದುಹೋಗುತ್ತೆ. ಇಷ್ಟು ವರ್ಷದಲ್ಲಿ ಅವನು ಒಂದು ಸಸಿಗೂ ಆ ನೀರು ಹಾಕಿದವನಲ್ಲ.

"ನಿಂತ್ಕೋಬೇಡ" ಎಂದಳು ನರ್ಸಕ್ಕ. ಅವಳಿಗೂ ಆ ಮಾತು ನೆನಪಿತ್ತು. "ಓಡು."

ಆಸ್ಪತ್ರೆಯಲ್ಲಿ ಡಾಕ್ಟರು, ಪಾದಕ್ಕೆ ಸಡಿಲವಾಗಿ ಹೊದಿಸಿದ್ದ ಶುಭ್ರ ಬಟ್ಟೆ ಸರಿಸಿ ಆ ಕೆಂಪು ಗೆರೆಯನ್ನು ನೋಡಿದರು. ಆಮೇಲೆ ಅವನ ಮುಖವನ್ನು ನೋಡಿದರು. "ಬಿಸಿನೀರಲ್ಲಿ ನಿಲ್ಲಿಸಿದ್ದು ಯಾರು?"

ಅವನು ಬಾಯಿ ತೆರೆದ. ಟಬ್ಬಿನಲ್ಲಿ ಮಗಳ ಬಾಯಿ ತೆರೆದಂತೆಯೇ, ಸದ್ದಿಲ್ಲದೆ. ನರ್ಸಕ್ಕನೇ ನಡೆದದ್ದನ್ನು ಹೇಳಬೇಕಾಯಿತು.

ಸುದ್ದಿ ತಿಳಿದು ಹೆಂಡತಿ ಬಂದಳು, ಸಮವಸ್ತ್ರದಲ್ಲೇ, ಟಿಕೆಟ್ ಯಂತ್ರವನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು.

"ಯಾವ ಬಿಸಿನೀರು? ಒಲೆ ಯಾರು ಹಚ್ಚಿದ್ದು?"

"ಒಲೆ ಅಲ್ಲ ಕಣೇ. ಪೈಪು" ಎಂದ ಅವನು.

"ಪೈಪಾ?" ಅವಳು ಗಂಡನನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೆಂಚಿನ ಮೇಲೆ ಕುಸಿದಳು. "ಮೊನ್ನೆ ರಜಾ ದಿನ ನಾನೂ ಅದೇ ಪೈಪಿನಿಂದ ಅವಳ ಕೈ ತೊಳೆದೆ" ಎಂದಳು. "ಬೆಳಗ್ಗೆ ಆಗಿತ್ತು ಅಂತ ಬಚಾವಾದ್ಲು. ಅಷ್ಟೇನಾ? ಬೆಳಗ್ಗೆ ಆಗಿತ್ತು ಅಂತ ಅಷ್ಟೇನಾ?"

ಗುಳ್ಳೆ ಎದ್ದವು. ಯಾರೂ ಒಡೆಯಲಿಲ್ಲ, ಏನೂ ಮೆತ್ತಲಿಲ್ಲ. ತಕ್ಷಣ ನೀರು ಬಿಟ್ಟದ್ದರಿಂದ ಸುಟ್ಟದ್ದು ಆಳಕ್ಕೆ ಇಳಿದಿಲ್ಲ ಎಂದರು ಡಾಕ್ಟರು. ಬೇಸಿಗೆ ಮುಗಿಯುವ ಮೊದಲೇ ಹೊಸ ಚರ್ಮ ಬಂತು, ತಿಳಿ ಬಣ್ಣದ ಕಾಲುಚೀಲ ಹಾಕಿದ ಹಾಗೆ.

ಈಗ ನರ್ಸರಿಯಲ್ಲಿ ಪೈಪುಗಳು ನೆರಳಿನ ಗೋಡೆಗೆ ಸುತ್ತಿಕೊಂಡು ನೇತಾಡುತ್ತವೆ. ಗೇಟಿನಲ್ಲಿ ಅಜ್ಜಿಯ ಕಾವಲು. "ಗಿಡ ಆಮೇಲೆ. ಮನೇಲಿ ಸಣ್ಣ ಮಕ್ಕಳಿದ್ದಾರಾ? ಪೈಪು ಎಲ್ಲಿಡ್ತೀರಿ?" ಒಬ್ಬ ಗಿರಾಕಿ ನಕ್ಕ: "ತಣ್ಣೀರು ಸುಡುತ್ತಾ ಅಜ್ಜೀ?"

"ನಾನೂ ನಿನ್ನಷ್ಟೇ ಜಾಣೆ ಆಗಿದ್ದೆ ಕಣಪ್ಪ" ಎಂದು ಅಜ್ಜಿ ಅವನ ಕೈ ಹಿಡಿದುಕೊಂಡಳು. "ಬಾ, ಮಗು ಕಾಲು ತೋರಿಸ್ತೀನಿ."

ಓದುವವರೇ, ಕೇಳುವವರೇ, ನಿಮ್ಮ ಅಂಗಳದಲ್ಲೂ ಒಂದು ಪೈಪು ಬಿದ್ದಿರಬಹುದು. ಇವತ್ತೇ ಎತ್ತಿ ನೆರಳಿಗೆ ಹಾಕಿ. ಬಿಸಿಲು ಕಂಡ ಪೈಪಿನ ಮೊದಲ ನೀರು ನೆಲಕ್ಕೆ ಹೋಗಲಿ. ಆಮೇಲೆ ನಿಮ್ಮ ಬರಿಗೈ ಮುಟ್ಟಲಿ, ಕೊನೆಗೆ ಮಗು. ಮಹಡಿಯ ತೊಟ್ಟಿಯ ನೀರಿಗೂ ಇದೇ ಮಾತು. ಮಗುವಿನ ಮೈ ಸುಟ್ಟರೆ ಪೇಸ್ಟು, ಬೆಣ್ಣೆ, ಐಸು ಹುಡುಕುತ್ತ ನಿಲ್ಲಬೇಡಿ. ಹರಿಯುವ ತಣ್ಣೀರು ಇಪ್ಪತ್ತು ನಿಮಿಷ, ಮೇಲೆ ಸಡಿಲವಾಗಿ ಶುಭ್ರ ಬಟ್ಟೆ, ನೇರ ಆಸ್ಪತ್ರೆ. ನೀವು ಎಷ್ಟೇ ಜಾಗ್ರತೆಯ ಅಪ್ಪ ಅಮ್ಮ ಆಗಿರಿ, ಇವನೂ ಜಾಗ್ರತೆಯವನೇ ಆಗಿದ್ದ.

ಶಿಶುವಿಹಾರದ ಬಾಗಿಲು ತೆರೆಯುವ ಹಿಂದಿನ ದಿನ, ಅವನು ಅದೇ ಟಬ್ಬನ್ನು ಬೇವಿನ ಮರದ ನೆರಳಿಗೆ ತಂದಿಟ್ಟ. ಮೊದಲ ನೀರನ್ನು ಜಲ್ಲಿಗೆ ಬಿಟ್ಟ. ಆಮೇಲೆ ತುಂಬಿಸಿದ. ಮೊಣಕೈ ಅದ್ದಿ ನೋಡಿದ. ಹೆಂಡತಿ ಮುಟ್ಟಿ ನೋಡಿದಳು. ಅಜ್ಜಿಯಂತೂ ಎರಡು ಸಲ ಮುಟ್ಟಿದಳು. ನೀರು ತಂಪಾಗಿತ್ತು. ಮೇಲೊಂದು ಎಲೆ ತೇಲುತ್ತಿತ್ತು.

"ಬಾ ಮಹಾರಾಣಿ" ಎಂದು ಅವನು ಕೈ ಚಾಚಿದ. "ನೀರಾಟ ಆಡೋಣ ಬಾ."

ಅವಳು ಬಂದಳು, ಟಬ್ಬಿನಿಂದ ಒಂದು ಮಾರು ದೂರದವರೆಗೆ. ನೀರನ್ನು ನೋಡಿದಳು. ಅಪ್ಪನನ್ನು ನೋಡಿದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ" ಎಂದಳು.